ಮೂರು ಕಾಲಿನ ಮೊಲ

ನನ್ನ ಗಂಡ ತೆಗೆದ ಯಾವ ಫೋಟೋದಲ್ಲೂ ನಾನು ನಾನಾಗಿ ನಿಂತಿಲ್ಲ. ಅಳತೆಗೆ ನಿಂತಿದ್ದೇನೆ. ಕೋಟೆಯ ಬಾಗಿಲು ಎಷ್ಟು ಎತ್ತರ ಎಂದು ತಿಳಿಯಲು ಅದರ ಪಕ್ಕ ನಾನು. ಸೇತುವೆಯ ಕಂಬದ ಬಿರುಕು ಎಷ್ಟು ಉದ್ದ ಎಂದು ತಿಳಿಯಲು ಅದರ ಪಕ್ಕ ನಾನು. ಮದುವೆಯಾದ ಹೊಸತರಲ್ಲಿ ಸಮುದ್ರ ನೋಡಲು ಹೋಗಿದ್ದೆವು. ದಡಕ್ಕೆ ಬಂದು ಬಿದ್ದಿದ್ದ ಒಂದು ಮುರುಕು ದೋಣಿಯನ್ನು ಕಂಡು ಇವರ ಕಣ್ಣು ಅರಳಿದ ಪರಿಗೆ ನನಗೆ ಆ ದೋಣಿಯ ಮೇಲೆ ಹೊಟ್ಟೆಕಿಚ್ಚಾಗಿತ್ತು. ಅದರ ಸುತ್ತ ಸುತ್ತಿ ಸುತ್ತಿ ಫೋಟೋ ತೆಗೆದರು. ಎಲ್ಲದರಲ್ಲೂ ಮೂಲೆಯಲ್ಲಿ ನಾನಿದ್ದೇನೆ, ಮುಖ ಊದಿಸಿಕೊಂಡು.

ಅವರ ಕೆಲಸವೇ ಅಂಥದ್ದು. ಅಪಘಾತವಾದ ವಾಹನಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಕೊಡುವ ಸರ್ವೇಯರ್. ಗಾಡಿಯ ನಾಲ್ಕು ಮೂಲೆಯಿಂದ ನಾಲ್ಕು ಫೋಟೋ, ಆಮೇಲೆ ಪೆಟ್ಟು ಬಿದ್ದ ಜಾಗದ ಹತ್ತಿರದ ಫೋಟೋ. ಹತ್ತಿರದ್ದಕ್ಕೆ ಪಕ್ಕದಲ್ಲಿ ಒಂದು ಸ್ಕೇಲು ಇರಲೇಬೇಕು, ಸ್ಕೇಲಿಲ್ಲದಿದ್ದರೆ ಬೆಂಕಿಪೊಟ್ಟಣವಾದರೂ ಸರಿ. "ಅಳತೆ ಇಡದೆ ತೆಗೆದ್ರೆ ಸಣ್ಣ ಗೀರೂ ಕಂದಕದ ಥರ ಕಾಣುತ್ತೆ" ಎನ್ನುವುದು ಅವರ ಮಾತು. ನನ್ನ ತಂಗಿಗೆ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಹೋದವರು ಆ ಕೂಸನ್ನೂ ನಾಲ್ಕು ಮೂಲೆಯಿಂದ ತೆಗೆದು, ಕೊನೆಗೆ ಕೆನ್ನೆಯ ಪಕ್ಕ ಬೆಂಕಿಪೊಟ್ಟಣ ಇಟ್ಟು ಇನ್ನೊಂದು ತೆಗೆದರು. ಆ ಕೂಸು ಈಗ ಕಾಲೇಜಿಗೆ ಹೋಗುತ್ತದೆ. ಇವರನ್ನು ಇವತ್ತಿಗೂ ಕರೆಯುವುದು ಅಳತೆ ದೊಡ್ಡಪ್ಪ ಎಂದೇ.

ನಾನು ಡ್ರೈವಿಂಗ್ ಕಲಿಸುವವಳು. ನಮ್ಮ ಮದುವೆಗೆ ಕಾರಣ ಒಡೆದುಹೋದ ಒಂದು ಹೆಡ್‌ಲೈಟು. ನನ್ನ ವಿದ್ಯಾರ್ಥಿಯೊಬ್ಬ ಕಾರನ್ನು ಕಾಂಪೌಂಡ್ ಗೋಡೆಗೆ ಗುದ್ದಿಸಿದ, ಇವರು ಅದನ್ನು ನೋಡಲು ಬಂದರು, ಹೆಡ್‌ಲೈಟಿನ ಪಕ್ಕ ಸ್ವಲ್ಪ ಕೈ ಇಡ್ತೀರಾ ಎಂದು ನನ್ನನ್ನೇ ಕೇಳಿದರು. ಇಟ್ಟೆ. ಆ ಕೈಯನ್ನು ಅಲ್ಲಿಂದ ತೆಗೆಯಲು ಇನ್ನೂ ಬಿಟ್ಟಿಲ್ಲ.

ನನ್ನ ಕೆಲಸದ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಷ್ಟು ವರ್ಷ ಅದನ್ನು ತುಳಿದೂ ತುಳಿದೂ ನನ್ನ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿದೆ. ಎಲ್ಲಿ ಏನು ಎಡವಟ್ಟಾಗುವ ಹಾಗೆ ಕಂಡರೂ ಅದು ತಾನೇ ನೆಲವನ್ನು ಒತ್ತುತ್ತದೆ. ಹಾಲು ಉಕ್ಕಿದರೂ ಮೊದಲು ಕಾಲು ಒತ್ತಿ, ಆಮೇಲೆ ಒಲೆ ಆರಿಸುವವಳು ನಾನು.

ಇಂಥ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಇವರು ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಎಡಗಡೆಯಿಂದ ಜಾರಿ ಅಂಗಿಯ ಮೇಲೆ ಬಿತ್ತು. ಮತ್ತೆ ತುಂಬಿಕೊಂಡರು, ಮತ್ತೆ ಜಾರಿತು. ಕನ್ನಡಿ ನೋಡಿದರೆ ಅರ್ಧ ಮುಖ ಇಳಿದುಹೋಗಿದೆ, ಎಡಗಣ್ಣು ಮುಚ್ಚುತ್ತಿಲ್ಲ. ಆಸ್ಪತ್ರೆಗೆ ಓಡಿದೆವು. ಡಾಕ್ಟರು ನೋಡಿ, ಮಿದುಳಿನದೇನೂ ಅಲ್ಲ, ಮುಖದ ನರ ಮುನಿಸಿಕೊಂಡಿದೆ, ಹೆಚ್ಚಿನವರಿಗೆ ತಾನೇ ಸರಿಹೋಗುತ್ತದೆ ಎಂದು ಮಾತ್ರೆ ಕೊಟ್ಟರು, ಬಲೂನು ಊದಲು ಹೇಳಿದರು. ಇವರು ಶ್ರದ್ಧೆಯಿಂದ ಊದಿದರು. ಮುಖ ಬಹಳ ಮಟ್ಟಿಗೆ ವಾಪಸ್ಸು ಬಂತು. ಉಳಿದದ್ದು ಇಷ್ಟೇ: ಎಡಗಣ್ಣು ಒಂದು ಗಳಿಗೆ ತಡವಾಗಿ ಮಿಟುಕುತ್ತದೆ, ನಕ್ಕರೆ ತುಟಿಯ ಎಡ ಕೊನೆ ಮೇಲಕ್ಕೆ ಹೋಗುವುದಿಲ್ಲ. ಗೊತ್ತಿಲ್ಲದವರ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಆದರೆ ಇವರ ಕಣ್ಣು ಸರ್ವೇಯರನ ಕಣ್ಣು. ಕನ್ನಡಿಯ ಮುಂದೆ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಟೋಟಲ್ ಲಾಸ್" ಎಂದರು. ರಿಪೇರಿಗೆ ಹಾಕಿ ಉಪಯೋಗವಿಲ್ಲದ ಗಾಡಿಗೆ ಅವರ ಕಡೆ ಹಾಗೆನ್ನುತ್ತಾರೆ. ನಾನು ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ನೆಂಟರ ಮುಂದೆ ಊಟ ಮಾಡುವುದನ್ನು ಬಿಟ್ಟರು. ಗ್ಯಾರೇಜುಗಳಿಗೆ ಹೋಗುವುದನ್ನು ಬಿಟ್ಟರು. ವಯಸ್ಸಾಯಿತು, ಸಾಕು ಎಂದು ಕೆಲಸವನ್ನೇ ಬಿಟ್ಟರು. ಅದೇ ಹೊತ್ತಿಗೆ ನಡೆದ ಮಗನ ಮದುವೆಯಲ್ಲಿ, ಫೋಟೋಗ್ರಾಫರ್ ಇದ್ದರೂ, ತಮ್ಮ ಹಳೇ ಕ್ಯಾಮೆರಾವನ್ನು ಮುಖಕ್ಕೆ ಅಂಟಿಸಿಕೊಂಡೇ ಓಡಾಡಿದರು. ಕ್ಯಾಮೆರಾ ಹಿಡಿದವನ ಫೋಟೋ ಯಾರು ತೆಗೆಯುತ್ತಾರೆ? ಆ ದಪ್ಪ ಆಲ್ಬಮ್ಮಿನಲ್ಲಿ ಗಂಡಿನ ತಂದೆ ಇಲ್ಲ. ಒಂದು ಕಡೆ ಅವರ ಮೊಣಕೈ ಬಂದಿದೆ.

ಇನ್ನೊಂದು ವಿಷಯ. ಕ್ಲಚ್ಚಿನ ಮೇಲೆ ತಪ್ಪು ಹಾಕುವ ವಿದ್ಯಾರ್ಥಿಗಳಿಗೆಲ್ಲ ನಾನು ಬೈಯುವುದು ಒಂದೇ ಮಾತಿನಲ್ಲಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ಫೋನಿನಲ್ಲಿ ಯಾರಿಗೋ ಇದನ್ನು ಹೇಳಿ ತಿರುಗಿದರೆ ಇವರು ಬಾಗಿಲಲ್ಲಿ ನಿಂತಿದ್ದರು. ಅವರ ಕೈ ತುಟಿಯ ಕಡೆ ಹೋಯಿತು. ಅವತ್ತಿನಿಂದ ಡೊಂಕು ಎಂಬ ಮಾತು ನಮ್ಮ ಮನೆ ಬಿಟ್ಟು ಹೋಯಿತು. ಬಾಗಿದ ಚಮಚಕ್ಕೂ ನಾನು ಬೇರೆ ಪದ ಹುಡುಕತೊಡಗಿದೆ.

ಹೀಗಿರುವಾಗ ಮಗ ಹೊಸ ಮನೆಗೆ ಹೋದ. ಫೋನ್ ಮಾಡಿ, "ಅಮ್ಮಾ, ಹಾಲ್‌ನ ಗೋಡೆಗೆ ನಿಮ್ಮಿಬ್ಬರದ್ದೂ ಒಂದು ಫೋಟೋ ಬೇಕು. ಹಳೇದು ಬೇಡ, ಈಗಿಂದು" ಎಂದ. ಆಮೇಲೆ ದನಿ ತಗ್ಗಿಸಿ, "ಅಪ್ಪ ಒಪ್ತಾರಾ?" ಎಂದ. "ಒಪ್ಪದೆ ಏನು, ಕಳಿಸ್ತೀನಿ ಇರು" ಎಂದುಬಿಟ್ಟೆ. ಮಾತು ಕೊಟ್ಟಾದ ಮೇಲೆ ದಾರಿ ಹುಡುಕಬೇಕಲ್ಲ.

ನನ್ನ ಕಸುಬಿನಲ್ಲಿ ಇಂಥವರು ಬೇಕಾದಷ್ಟು ಸಿಗುತ್ತಾರೆ. ಒಮ್ಮೆ ಎಲ್ಲೋ ಗುದ್ದಿ, ಸ್ಟಿಯರಿಂಗ್ ಮುಟ್ಟಲಾರೆ ಎನ್ನುವವರು. ಅವರಿಗೆ ಬುದ್ಧಿ ಹೇಳಬಾರದು. ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಎಂಜಿನ್ ಆರಿಸಿ, ಸುಮ್ಮನೆ ಸೀಟಿನಲ್ಲಿ ಕೂರಿಸಬೇಕು. ಕೈ ತಾನಾಗಿ ಸ್ಟಿಯರಿಂಗಿಗೆ ಹೋಗುವವರೆಗೆ ಕಾಯಬೇಕು. ಇವರಿಗೂ ಒಂದು ಖಾಲಿ ಮೈದಾನ ಬೇಕಿತ್ತು. ಎದುರಿಗೆ ಇನ್ನೊಬ್ಬರು ನಿಂತು "ನಗಿ" ಎನ್ನದ ಫೋಟೋ.

ಬೆಟ್ಟದ ಮೇಲೊಂದು ಸರೋವರವಿದೆ, ನೋಡಬೇಕೆಂದು ಇಬ್ಬರೂ ಹೇಳುತ್ತಲೇ ಬಂದಿದ್ದೆವು. ಅದನ್ನೇ ಎತ್ತಿದೆ. ಜತೆಗೆ, "ಅಲ್ಲಿ ಬೆಳಗಿನ ಜಾವದ ಬೆಳಕಲ್ಲಿ ಕೈಯಲ್ಲಿ ಹಿಡಿದು ತೆಗೆದ್ರೆ ಮಸುಕಾಗುತ್ತೆ ಅಂತೀರಲ್ಲ, ಒಂದು ಸಣ್ಣ ಟ್ರೈಪಾಡ್ ತಗೊಳ್ಳೋಣ" ಎಂದೆ. ಅವರು ನನ್ನನ್ನು ಒಂದು ಸಲ ನೋಡಿದರು. ಆದರೆ ಪರೀಕ್ಷೆ ಮಾಡಲು ಒಂದು ವಸ್ತು ಸಿಗುತ್ತದೆ ಎಂದರೆ ಅವರು ಬಿಡುವವರಲ್ಲ.

ಕ್ಯಾಮೆರಾ ಅಂಗಡಿ ಮೆಟ್ಟಿಲಿಳಿದು ಹೋಗುವ ನೆಲಮಾಳಿಗೆಯಲ್ಲಿತ್ತು. ಅಂಗಡಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿಕೊಂಡು ಇಡೀ ಅಂಗಡಿಯಲ್ಲಿ ಕನ್ನಡಕ ಹುಡುಕುವ ಜಾತಿಯವರು. ನಾವು ವಿಷಯ ಹೇಳಿದ್ದೇ ತಡ, ಅವರು ಎತ್ತರದ ಟ್ರೈಪಾಡುಗಳನ್ನೆಲ್ಲ ಕೈಯಿಂದ ಪಕ್ಕಕ್ಕೆ ಸರಿಸಿದರು.

"ಪ್ರವಾಸಕ್ಕೆ ದೊಡ್ಡದು ತಗೊಂಡವರು ಮೊದಲನೇ ದಿನ ಹೊರ್ತಾರೆ, ಎರಡನೇ ದಿನ ರೂಮಲ್ಲಿ ಬಿಟ್ಟು ಹೋಗ್ತಾರೆ. ಟೇಬಲ್ ಮೇಲಿಡೋ ಚಿಕ್ಕದು ತಗೊಳ್ಳಿ. ಚೀಲದಲ್ಲಿ ನೀರಿನ ಬಾಟ್ಲಿ ಪಕ್ಕ ಕೂತ್ಕೊಳುತ್ತೆ."

ಮೂರು ಬಗೆಯವನ್ನು ಗಾಜಿನ ಕಪಾಟಿನ ಮೇಲಿಟ್ಟರು. ಮೊದಲನೆಯದು ಪ್ಲಾಸ್ಟಿಕ್ಕಿನದು, ಹಕ್ಕಿಯಷ್ಟು ಹಗುರ. ಇವರು ತಮ್ಮ ಕ್ಯಾಮೆರಾವನ್ನು ಅದಕ್ಕೆ ತಿರುಗಿಸಿ ಕೂರಿಸಿ ಕೈ ಬಿಟ್ಟರು. ಲೆನ್ಸಿನ ಭಾರಕ್ಕೆ ಅದು ಬಸ್ಸಿನಲ್ಲಿ ತೂಕಡಿಸುವವರ ಹಾಗೆ ನಿಧಾನವಾಗಿ ಮುಂದಕ್ಕೆ ವಾಲಿತು. ಬೀಳುವ ಮೊದಲು ಹಿಡಿದುಕೊಂಡರು. ನನ್ನ ಕಾಲು ಆಗಲೇ ನೆಲ ಒತ್ತಿತ್ತು.

"ಅದು ಫೋನಿಗೆ" ಎಂದರು ಯಜಮಾನರು.

ಎರಡನೆಯದರ ಕಾಲುಗಳು ಹೇಗೆ ಬೇಕಾದರೂ ಬಗ್ಗುತ್ತಿದ್ದವು. ಕಂಬಿಗೆ ಸುತ್ತಬಹುದು, ಮರದ ಕೊಂಬೆಗೆ ಸುತ್ತಬಹುದು ಎಂದು ಅವರು ಸುತ್ತಿ ತೋರಿಸಿದರು. ನನಗೆ ಅದೇ ಇಷ್ಟವಾಯಿತು. ಎತ್ತರಕ್ಕೆ ಕಟ್ಟಿದರೆ ಇಬ್ಬರೂ ನೇರವಾಗಿ ಬರಬಹುದಲ್ಲ. ಇವರು ಕ್ಯಾಮೆರಾ ಸಿಕ್ಕಿಸಿ, ಎದುರು ಗೋಡೆಯ ಗಡಿಯಾರಕ್ಕೆ ಗುರಿಯಿಟ್ಟು, ಕೈಕಟ್ಟಿ ಕಾದು ನಿಂತರು. ಯಜಮಾನರು ಬೇರೆ ಗಿರಾಕಿಯನ್ನು ನೋಡಿ ಕಳಿಸಿ ಬಂದರೂ ಇವರು ನಿಂತೇ ಇದ್ದರು.

"ಬನ್ನಿ, ನೋಡಿ. ಗಡಿಯಾರ ಮಧ್ಯದಲ್ಲಿತ್ತು, ಈಗ ಮೇಲಕ್ಕೆ ಹೋಗಿದೆ. ಅಂದ್ರೆ ಇದು ಇಳೀತಿದೆ. ಬಗ್ಗೋ ಕಾಲು ಬಗ್ತಾನೇ ಇರುತ್ತೆ."

ಮೂರನೆಯದು ಲೋಹದ್ದು. ಮಡಿಸಿದರೆ ಟಾರ್ಚಿನಂತೆ, ಬಿಡಿಸಿದರೆ ಒಂದು ಗೇಣು ಎತ್ತರ. ಕಾಲುಗಳನ್ನು ಕಡಿಮೆ ಅಗಲಿಸಿಯೂ ನಿಲ್ಲಿಸಬಹುದು, ಪೂರ್ತಿ ಅಗಲಿಸಿ ನೆಲಕ್ಕೆ ಹತ್ತಿರವೂ ಕೂರಿಸಬಹುದು. ತುದಿಗೆ ರಬ್ಬರು. ತಲೆಯಲ್ಲಿ ಗೋಲಿಯಂಥ ಗುಂಡು, ಅದನ್ನು ಬೇಕಾದ ಕಡೆ ತಿರುಗಿಸಿ ಬಿಗಿ ಮಾಡಲು ದೊಡ್ಡ ತಿರುಪು. ಇವರು ಬಿಗಿ ಮಾಡಿ, ತಮ್ಮ ಕೈಚೀಲವನ್ನೇ ಅದಕ್ಕೆ ನೇತುಹಾಕಿದರು. ಅಲುಗಲಿಲ್ಲ. ಮಗುಚಿ ಹಾಕಿ ಕೀಲುಗಳನ್ನು ಒಂದೊಂದಾಗಿ ಮುಟ್ಟಿದರು.

"ಇದು ಮುರಿದ್ರೆ ಈ ಕೀಲಲ್ಲೇ ಮುರಿಯೋದು."

"ಸರ್, ನಾನು ಕೂತಿರೋದು ಮಾರೋಕೆ. ಮರಣೋತ್ತರ ಪರೀಕ್ಷೆಗಲ್ಲ" ಎಂದರು ಯಜಮಾನರು.

ಇವರು ನಕ್ಕರು, ನಕ್ಕ ಕೂಡಲೇ ಕೈ ಬಾಯಿಗೆ ಅಡ್ಡ ಹೋಯಿತು. ನಾನು ಮಾತು ಬದಲಿಸಲೆಂದು, "ಇಷ್ಟು ಗಿಡ್ಡದ್ದನ್ನ ಇಟ್ಕೊಂಡು ಏನ್ ಮಾಡೋದು? ಬೆಟ್ಟದ ಮೇಲೆ ಟೇಬಲ್ ಎಲ್ಲಿಂದ ತರೋಣ? ನೆಲ ಬೇರೆ ಸಮ ಇರಲ್ಲ" ಎಂದೆ.

ಯಜಮಾನರು ಅದನ್ನು ಎತ್ತಿಕೊಂಡು ಹೋಗಿ, ಮೂರು ಕಾಲನ್ನೂ ಗೋಡೆಗೆ ಒತ್ತಿ ಹಿಡಿದು ತೋರಿಸಿದರು. "ಗೋಡೆ ಸಿಕ್ಕಿದ್ರೆ ಗೋಡೆ, ಬಂಡೆ ಸಿಕ್ಕಿದ್ರೆ ಬಂಡೆ. ನೆಲದ ಚಿಂತೆ ಬಿಡಿ ಅಮ್ಮಾ. ನಾಲ್ಕು ಕಾಲಿನ ಮೇಜಿಗೆ ನೆಲ ಸಮ ಇರಬೇಕು, ಇಲ್ಲಾಂದ್ರೆ ಲಟಪಟ ಅನ್ನುತ್ತೆ. ಮೂರು ಕಾಲಿಗೆ ನೆಲ ಎಷ್ಟು ಡೊಂಕಿದ್ರೂ ಅಡ್ಡಿಯಿಲ್ಲ."

ನನ್ನ ಕಾಲು ನೆಲವನ್ನು ಎಷ್ಟು ಜೋರಾಗಿ ಒತ್ತಿತೆಂದರೆ ಮೀನಖಂಡ ಹಿಡಿದುಕೊಂಡಿತು. ಇವರು ಟ್ರೈಪಾಡನ್ನು ಅವರ ಕೈಯಿಂದ ತೆಗೆದುಕೊಂಡರು. ಆಮೇಲೆ ಅದರ ಕಾಲುಗಳನ್ನು ಮಡಿಸಿ, "ಇದೇ ಇರ್ಲಿ" ಎಂದರು.

"ಆ ಬಗ್ಗೋದೇ ಚೆನ್ನಾಗಿತ್ತು" ಎಂದೆ.

"ಇದೇ."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

"ಎಣಿಸ್ಕೊ ಬೇಕಾದ್ರೆ. ಮೂರೇ ಇದೆ" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಅದಕ್ಕೆ ಮೊಲ ಎಂದೇ ಹೆಸರಾಯಿತು.

ಮನೆಗೆ ಬಂದು ಮೊಲವನ್ನು ಊಟದ ಮೇಜಿನ ಮೇಲೆ ಕೂರಿಸಿ, ಟೈಮರ್ ಇಟ್ಟು, ಮೊದಲ ಫೋಟೋ ನನ್ನದೇ ತೆಗೆದರು. ಕೆಳಗಿನಿಂದ ತೆಗೆದ ಕಾರಣ ಅದರಲ್ಲಿ ನನ್ನ ಗದ್ದ ಮೂರು ಮಡಿಕೆಯಾಗಿ, ಮೂಗಿನ ಹೊಳ್ಳೆಗಳು ಎರಡು ಸುರಂಗಗಳಾಗಿ ಕಾಣುತ್ತಿದ್ದವು. ನನ್ನ ಮುಖ ನೋಡಿ ನಾನೇ ಹೆದರಿದೆ. ಇವರು ಮೇಜು ಹಿಡಿದುಕೊಂಡು ನಕ್ಕರು. ಕೈ ಎರಡೂ ಮೇಜಿನ ಮೇಲಿದ್ದದ್ದರಿಂದ ಬಾಯಿಗೆ ಅಡ್ಡ ಹೋಗಲಿಲ್ಲ. ಎಷ್ಟು ಕಾಲದ ಮೇಲೆ ನೋಡಿದೆ ಆ ನಗುವನ್ನು. ಒಂದು ಪಕ್ಕ ಮೇಲೆ ಹೋಗಿ ಇನ್ನೊಂದು ಪಕ್ಕ ಅಲ್ಲೇ ನಿಂತು, ತುಂಟ ಹುಡುಗನ ನಗುವಿನ ಹಾಗಿತ್ತು. ನನಗೆ ಇಷ್ಟವಾಯಿತು ಎಂದು ಹೇಳಬೇಕೆನಿಸಿತು. ಹೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ನನ್ನ ಪಾಠ ಶುರು ಮಾಡಿದೆ. "ನಾನು ಇಲ್ಲಿಂದ ನೋಡ್ತೀನಿ, ನೀವು ಅಲ್ಲಿ ನಿಂತ್ಕೊಳ್ಳಿ, ಫೋಕಸ್ ಸರಿ ಮಾಡಬೇಕು" ಎಂದೆ. ನಿಂತರು, ಬೆನ್ನು ತಿರುಗಿಸಿಕೊಂಡು. ಬೆನ್ನಾದರೆ ಬೆನ್ನು, ಎಂಜಿನ್ ಆರಿಸಿದ ಕಾರಿನಲ್ಲಿ ಕೂತರಲ್ಲ, ಸಾಕು. ಇನ್ನೊಂದು ದಿನ ಬಲಗಡೆಯ ಕಿವಿ ಮತ್ತು ಭುಜ ಸಿಕ್ಕಿತು. ಮತ್ತೊಂದು ದಿನ ಪತ್ರಿಕೆ ಓದುವ ಅವರ ಎರಡು ಕೈ, ಪತ್ರಿಕೆಯ ಮೇಲೆ ಹಣೆ. ಸಂಜೆಗೆ ಅವರು ಕ್ಯಾಮೆರಾ ತೆಗೆದುಕೊಂಡು ಅವನ್ನೆಲ್ಲ ಅಳಿಸಿಬಿಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ, ಅಷ್ಟೇ. ನನ್ನ ನಾಲಗೆಯನ್ನು ಬಲ್ಲವರಿಗೆ ಗೊತ್ತು, ಅದೇ ನನಗೆ ದೊಡ್ಡ ತಪಸ್ಸು.

ಸರೋವರದ ಊರಿಗೆ ಹೋದೆವು. ಅಲ್ಲಿ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ದಡದಲ್ಲಿ ನಡೆಯುವಾಗ ಎದುರಿಗೆ ಬಂದ ಒಬ್ಬ ಹೆಂಗಸು, ಪಾಪ ಒಳ್ಳೆಯವಳು, "ಇಬ್ಬರೂ ನಿಂತ್ಕೊಳ್ಳಿ, ನಾನು ತೆಗೆದುಕೊಡ್ತೀನಿ" ಎಂದು ಕೈ ಚಾಚಿದಳು. ಇವರು ಚೀಲದಿಂದ ಮೊಲವನ್ನು ತೆಗೆದು ಎತ್ತಿ ತೋರಿಸಿ, "ಬೇಡ ಬೇಡ, ನಮ್ಮ ಹತ್ರ ಇದೆ" ಎಂದರು. ಅವಳು ಹೋದ ಮೇಲೆ ಅದನ್ನು ಒಂದು ಕಲ್ಲುಬೆಂಚಿನ ಮೇಲಿಟ್ಟು, ನೀರಿನ ಮೇಲಿನ ಮಂಜನ್ನು ತೆಗೆದರು. ನನ್ನನ್ನು ಒಂದು ಒಣಮರದ ಪಕ್ಕ ನಿಲ್ಲಿಸಿ ತೆಗೆದರು, ಅಳತೆಗೆ. ಮರುದಿನ ದೋಣಿಯವನು ಕೇಳಿದ, ಮತ್ತೆ ಅದೇ ಉತ್ತರ. ಲಾಡ್ಜಿನ ಮ್ಯಾನೇಜರು ಕೇಳಿದ, ಮತ್ತೆ ಅದೇ. ಇವರನ್ನು ಮುಂದಕ್ಕೆ ತರಲೆಂದು ನಾನು ಕೊಂಡ ವಸ್ತುವನ್ನೇ ಇವರು ಗುರಾಣಿ ಮಾಡಿಕೊಂಡಿದ್ದರು. ಮೊದಲು ಯಾರಾದರೂ ಕೇಳಿದರೆ ತಪ್ಪಿಸಿಕೊಳ್ಳಲು ತಡವರಿಸುತ್ತಿದ್ದರು. ಈಗ ಮೂರು ಕಾಲಿನ ನೆಪವೊಂದು ಚೀಲದಲ್ಲೇ ಇತ್ತು.

ಅವತ್ತು ರೂಮಿಗೆ ಬಂದು ನಾನು ಚೀಲವನ್ನು ಮಂಚದ ಮೇಲೆ ಎಸೆದೆ. "ನನ್ನ ಮಗನಿಗೆ ಮಾತು ಕೊಟ್ಟಿದೀನಿ. ಹಾಲ್‌ನಲ್ಲಿ ಹಾಕೋಕೆ ನಮ್ಮಿಬ್ಬರ ಫೋಟೋ ಬೇಕಂತೆ. ಒಣಮರದ್ದು ಕಳಿಸ್ಲಾ?" ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. "ಹಳೇದು ಕಳ್ಸು. ಸರಿಯಾಗಿದ್ದಾಗಿಂದು."

"ಈಗಿಂದು ಬೇಕಂತೆ."

"ಮಗ ಸೊಸೆ ದಿನಾ ಆ ಗೋಡೆ ಮೇಲೆ ಈ ಮುಖ ನೋಡಬೇಕೇನೇ?"

ನನ್ನ ಬಾಯಿಗೆ ನೂರು ಮಾತು ಬಂದವು. ಅವಕ್ಕಿಂತ ಮೊದಲು ಅಳು ಬಂತು. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಮುಗಿಸಿ ಬಂದೆ. ಬರುವಷ್ಟರಲ್ಲಿ ಅವರು ಚೀಲದಿಂದ ಹೊರಗೆ ಬಿದ್ದಿದ್ದ ಮೊಲವನ್ನು ಎತ್ತಿ, ಕೀಲುಗಳು ಸರಿಯಾಗಿವೆಯೇ ಎಂದು ಒಂದೊಂದಾಗಿ ನೋಡುತ್ತಿದ್ದರು.

ಕೊನೆಯ ದಿನ ಬೆಟ್ಟದ ತುದಿಯಿಂದ ಇಡೀ ಸರೋವರ ಕಾಣುತ್ತದೆಂದು ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಓಡಿಸುತ್ತಿದ್ದವಳು ನನ್ನದೇ ವಯಸ್ಸಿನವಳು, ಮಾತು ಕಡಿಮೆ. ತಿರುವುಗಳಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ ನನ್ನ ಕಾಲು ಒತ್ತುತ್ತಿದ್ದುದನ್ನು ಓರೆಗಣ್ಣಲ್ಲಿ ನೋಡಿ, "ಅಲ್ಲಿ ಬ್ರೇಕಿಲ್ಲ ಅಕ್ಕಾ" ಎಂದಳು. ನನಗೆ ಅವಳು ಹಿಡಿಸಿದಳು.

ಮೇಲೆ ಬರೀ ಗಾಳಿ, ಹುಲ್ಲು, ದೂರದ ಕೆಳಗೆ ನೀಲಿ ನೀರು. ಬೆಂಚಿಲ್ಲ, ಗೋಡೆಯಿಲ್ಲ, ಒಂದು ಒಳ್ಳೆಯ ಬಂಡೆಯೂ ಇಲ್ಲ. ಇವರು ಮೊಲವನ್ನು ಕೈಯಲ್ಲಿ ಹಿಡಿದು ಜಾಗ ಹುಡುಕುತ್ತಾ ಕಾರಿನ ಮುಂದೆ ಬಂದರು. ಬಂದವರು ಅಲ್ಲೇ ನಿಂತರು. ಬಾನೆಟ್ಟಿನ ಎಡಗಡೆ ಒಂದು ದೊಡ್ಡ ತಗ್ಗು. ಹತ್ತುವಾಗ ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ. ಇವರ ಕಣ್ಣು ಅರಳಿತು, ಆ ಮುರುಕು ದೋಣಿಗೆ ಅರಳಿದ ಹಾಗೆ. ಮೊಲವನ್ನು ಜೇಬಿಗೆ ಸಿಕ್ಕಿಸಿಕೊಂಡು ಕಾರಿನ ನಾಲ್ಕು ಮೂಲೆಯಿಂದ ಫೋಟೋ ತೆಗೆದೇಬಿಟ್ಟರು.

"ಏನೇ, ಸ್ವಲ್ಪ ಕೈ ಇಡು ಇಲ್ಲಿ."

ನಾನು ತಗ್ಗಿನ ಪಕ್ಕ ಕೈ ಇಟ್ಟೆ. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಇವರು ಕೆಲಸ ಬಿಟ್ಟ ಮೇಲೆ ಹೀಗೆ ಕೈ ಇಡು ಎಂದದ್ದು ಇದೇ ಮೊದಲು.

ಓಡಿಸುವವಳು ಗಾಬರಿಯಾಗಿ ಇಳಿದು ಬಂದಳು. "ಯಾಕೆ ಸರ್ ಫೋಟೋ? ನಂದೇನೂ ತಪ್ಪಿಲ್ಲ, ಅದು ಹಳೇದು. ಕೊಂಬೆ ಬಿದ್ದು ಆಗಿದ್ದು."

"ಏನಿಲ್ಲಮ್ಮ, ನಂದು ಹಳೇ ಚಾಳಿ. ಇಂಥದ್ದನ್ನ ನೋಡೋದೇ ನನ್ನ ಕೆಲಸ ಆಗಿತ್ತು" ಎಂದು ಇವರು ಬಗ್ಗಿ, ತಗ್ಗಿನ ಸುತ್ತ ಬೆರಳಾಡಿಸಿ, ಬಾನೆಟ್ ತೆಗೆಸಿ ಒಳಗೆ ನೋಡಿದರು. ಕಾರಿನ ಕೆಳಗೂ ತಲೆ ಹಾಕಿದರು.

"ಹೋಯ್ತಾ ಸರ್ ಗಾಡಿ?" ಎಂದಳು ಅವಳು, ಅರ್ಧ ತಮಾಷೆಗೆ.

"ಛೆ, ಎಲ್ಲಿ ಹೋಗುತ್ತೆ. ಎಂಜಿನ್ ಸರಿ ಇದೆ, ಅಡಿಯ ಚಾಸಿಸ್ ನೆಟ್ಟಗಿದೆ. ಮೇಲಿನ ತಗಡು ಒಂದು ಕಡೆ ಕೂತಿದೆ ಅಷ್ಟೆ. ಇಷ್ಟಕ್ಕೆಲ್ಲ ಯಾರಾದ್ರೂ ಗಾಡಿ ಮೂಲೆಗೆ ಹಾಕ್ತಾರಾ?"

"ಅದನ್ನೇ ನಾನೂ ಹೇಳೋದು. ಇಷ್ಟು ಬೆಟ್ಟ ಹತ್ತಿಸಿದೀನಿ ಇದ್ರಲ್ಲಿ" ಎಂದು ಅವಳು ಸಮಾಧಾನವಾಗಿ ಹುಲ್ಲಿನ ಕಡೆ ನಡೆದಳು.

ಇವರು ಬಾನೆಟ್ ಮುಚ್ಚಿದರು. ಮುಚ್ಚಿ, ಅದರ ಮೇಲೆ ಕೈಯೂರಿ ಹಾಗೇ ನಿಂತರು. ತಮ್ಮ ಬಾಯಿಂದ ಬಂದ ಮಾತು ತಮ್ಮ ಕಿವಿಗೇ ಈಗ ತಲುಪಿದ ಹಾಗಿತ್ತು ಅವರ ಮುಖ. ನಾನು ಏನಾದರೂ ಅನ್ನಬಹುದಿತ್ತು. ಇಂಥ ಸಂದರ್ಭ ಬಿಡುವ ನಾಲಗೆಯೇ ಅಲ್ಲ ನನ್ನದು. ಆದರೆ ವಿದ್ಯಾರ್ಥಿಯ ಕೈ ತಾನಾಗಿ ಸ್ಟಿಯರಿಂಗಿಗೆ ಹೋಗುವ ಹೊತ್ತಿನಲ್ಲಿ ಕಲಿಸುವವರು ಕಿಟಕಿಯಾಚೆ ನೋಡಬೇಕು. ನಾನು ಸರೋವರ ನೋಡಿದೆ.

ಬೆನ್ನ ಹಿಂದೆ ಟಿಕ್ ಟಿಕ್ ಎಂದು ಕಾಲು ಬಿಚ್ಚುವ ಸದ್ದಾಯಿತು. ತಿರುಗಿದರೆ, ಮೊಲ ಬಾನೆಟ್ಟಿನ ಮೇಲೆ ಕೂತಿತ್ತು. ಎರಡು ಕಾಲು ಮೇಲೆ, ಒಂದು ಕಾಲು ತಗ್ಗಿನೊಳಗೆ. ಇವರು ತಲೆಯ ಗುಂಡನ್ನು ತಿರುಗಿಸಿ ಕ್ಯಾಮೆರಾ ಸಮ ಮಾಡಿ ತಿರುಪು ಬಿಗಿದರು. ಗಾಳಿ ಬೀಸುತ್ತಿದ್ದರೂ ಅದು ಅಲುಗಲಿಲ್ಲ.

"ಅಂಗಡಿಯವರು ಹೇಳಿದ್ದು ನಿಜ ಕಣೇ. ಎಷ್ಟು ಡೊಂಕಿದ್ರೂ ನಿಲ್ಲುತ್ತೆ" ಎಂದರು.

ಆ ಮಾತನ್ನು ಅವರು ಸಲೀಸಾಗಿ, ಹವಾಮಾನ ಹೇಳುವ ಹಾಗೆ ಹೇಳಿದರು.

"ಹೋಗಿ ನಿಲ್ಲು ಅಲ್ಲಿ."

"ಯಾವುದರ ಅಳತೆಗೆ?" ಎಂದೆ. ಸುತ್ತ ಮರವಿರಲಿಲ್ಲ, ಕಂಬವಿರಲಿಲ್ಲ.

ಅವರು ಟೈಮರ್ ಒತ್ತಿದರು. ಕ್ಯಾಮೆರಾದ ಕೆಂಪು ದೀಪ ಮಿನುಗತೊಡಗಿತು. ಬೇಗ ಬನ್ನಿ ಎಂದು ಕೂಗಬೇಕೆನಿಸಿತು, ಕೂಗಲಿಲ್ಲ. ಬಲಗಾಲು ಒತ್ತಲು ಹೊರಟಿತ್ತು, ಅದನ್ನು ಎತ್ತಿ ಒಂದು ಹೆಜ್ಜೆ ಪಕ್ಕಕ್ಕಿಟ್ಟು ಜಾಗ ಮಾಡಿದೆ. ಅವರು ಹುಲ್ಲಿನಲ್ಲಿ ಎಡವುತ್ತಾ ಬಂದು ನನ್ನ ಪಕ್ಕ ನಿಂತರು. ಬಲಗೆನ್ನೆ ತೋರಿಸಲಿಲ್ಲ. ಎಡಗೆನ್ನೆಯನ್ನೇ ಕ್ಯಾಮೆರಾಕ್ಕೆ ಒಡ್ಡಿ, ನನ್ನ ಕೈ ಹಿಡಿದೆಳೆದು, ಅಂಗೈಯನ್ನು ತಮ್ಮ ತುಟಿಯ ಕೊನೆಯ ಪಕ್ಕ, ಕೆನ್ನೆಯ ಮೇಲೆ ಇಟ್ಟುಕೊಂಡರು.

"ಏನ್ರೀ ಇದು?"

"ಇಟ್ಟಿರು. ಅಳತೆ ಇಲ್ದೆ ಇಷ್ಟು ದಿನ ನಾನೊಬ್ಬನೇ ನೋಡ್ಕೊಂಡೆ. ಅದಕ್ಕೇ ಅಷ್ಟು ದೊಡ್ಡದಾಗಿ ಕಂಡಿದ್ದು."

ಕ್ಯಾಮೆರಾ ಕ್ಲಿಕ್ಕೆಂದಿತು.

ಫೋಟೋ ಚೆನ್ನಾಗಿ ಬಂದಿಲ್ಲ. ಬಾನೆಟ್ಟಿನ ಎತ್ತರದಿಂದ ತೆಗೆದದ್ದರಿಂದ ಇಬ್ಬರಿಗೂ ಗದ್ದ ಹೆಚ್ಚಾಗಿದೆ. ನನ್ನ ಬಾಯಿ ಅರ್ಧ ತೆರೆದಿದೆ, ಕಣ್ಣಲ್ಲಿ ನೀರಿದೆ, ಅದು ಗಾಳಿಗೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಇವರ ನಗು ಒಂದು ಪಕ್ಕ ಮೇಲೆ ಹೋಗಿ, ಇನ್ನೊಂದು ಪಕ್ಕ ನನ್ನ ಅಂಗೈಯ ಹತ್ತಿರ ನಿಂತಿದೆ. ಸಂಜೆ ಇವರು ಕ್ಯಾಮೆರಾ ಕೈಗೆತ್ತಿಕೊಂಡಾಗ ನಾನು ಪಾತ್ರೆ ಸದ್ದು ಮಾಡಲು ಅಲ್ಲಿ ಅಡುಗೆಮನೆ ಇರಲಿಲ್ಲ. ಸುಮ್ಮನೆ ಕೂತು ನೋಡಿದೆ. ಬಹಳ ಹೊತ್ತು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದರು. ಅಳಿಸಲಿಲ್ಲ. ತಾವೇ ಮಗನಿಗೆ ಕಳಿಸಿದರು.

ಮಗನ ಫೋನ್ ಬಂದದ್ದು ನಾವು ಲಾಡ್ಜಿನ ಊಟದ ಮನೆಯಲ್ಲಿ, ಸುತ್ತ ಜನರಿರುವಾಗ, ಎದುರು ಬದುರು ಕೂತು ಊಟ ಮಾಡುತ್ತಿದ್ದಾಗ. "ಅಮ್ಮಾ, ನೀನ್ಯಾಕೆ ಅಪ್ಪನ ಕೆನ್ನೆ ಮೇಲೆ ಕೈ ಇಟ್ಟಿದೀಯ?" ಎಂದ.

ನಾನು ಇವರನ್ನು ನೋಡಿದೆ. ನೀರು ಕುಡಿಯುತ್ತಿದ್ದರು. ತುಟಿಯ ಎಡಗಡೆಯಿಂದ ಒಂದು ಹನಿ ಜಾರಿತು, ಒರೆಸಿಕೊಂಡು ಮತ್ತೆ ಕುಡಿದರು.

"ಅಳತೆಗೆ" ಎಂದೆ.